ಆಟವನ್ನು ವೃತ್ತಿಯಾಗಿ ಹಿಡಿದ ನಮ್ಮ ಜಿಲ್ಲೆಯ ಮಗಳು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ ಹಾಗೂ ವಿದ್ಯಾರ್ಥಿನಿಯರ ಶಿಸ್ತು ಇವುಗಳನ್ನು ಕುರಿತು ಬರೆಯುವದು ವಾಡಿಕೆಯಾಗಿದೆ. ಆ ಸಂಗತಿಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಬಂದಿರುವದರಿಂದ, ಈ ಸಲ ನಾವು ಶಾಲೆಯ ಹಿಂದಿನ ಬಯಲನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿದ್ದೇವೆ. ಪಾಲಕರಲ್ಲಿ ಅನೇಕರು ಪ್ರತಿ ವರ್ಷ ನಮ್ಮ ಮುಂದೆ ಇಡುವ ಒಂದು ಪ್ರಶ್ನೆಯು ಆ ಬಯಲಿಗೆ ಸಂಬಂಧಪಟ್ಟಿದೆ. ಮಗಳು ಆಡುವದರಲ್ಲಿ ಜಾಣೆಯಾಗಿದ್ದಾಳೆ, ಆಡಲಿ, ಸಂತೋಷವೇ, ಆದರೆ ಇದರಿಂದ ಮುಂದೇನು? ಆಟದಿಂದ ಹೊಟ್ಟೆ ತುಂಬೀತೇ? ಈ ಪ್ರಶ್ನೆಯನ್ನು ಕೇಳುವವರು ಮೂಢರೂ ಅಲ್ಲ, ಕಠಿಣಹೃದಯರೂ ಅಲ್ಲ. ಮಗಳ ಮುಂದಿನ ಬಾಳನ್ನು ನೆನೆದು ರಾತ್ರಿ ನಿದ್ದೆಗೆಡುವವರೇ ಇದನ್ನು ಕೇಳುತ್ತಾರೆ. ಆದಕಾರಣ ಇದಕ್ಕೆ ಹಾರಿಕೆಯ ಉತ್ತರ ಕೊಡುವದು ತಕ್ಕದ್ದಲ್ಲ.

ಉತ್ತರವನ್ನು ಹುಡುಕುವದಕ್ಕೆ ದೂರದೇಶಕ್ಕೆ ಹೋಗಬೇಕಾಗಿಲ್ಲ. ಬಸವನ ಬಾಗೇವಾಡಿಯಿಂದ ನಲವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿರುವ ವಿಜಯಪುರದಲ್ಲಿ, ಅದಕ್ಕೆ ಇನ್ನೂ ಬಿಜಾಪುರವೆಂಬ ಹೆಸರಿದ್ದ 1991ನೆಯ ಇಸವಿಯ ಜೂನ್ ತಿಂಗಳಲ್ಲಿ, ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕರ ಮನೆಯಲ್ಲಿ ಹುಟ್ಟಿದ ರಾಜೇಶ್ವರಿ ಗಾಯಕವಾಡ ಎಂಬ ಹೆಣ್ಣುಮಗಳ ಜೀವಿತವೇ ಈ ಪ್ರಶ್ನೆಗೆ ಒಂದು ಉತ್ತರವಾಗಿದೆ. ಅದು ಪೂರ್ಣವಾದ ಉತ್ತರವಲ್ಲವೆಂಬದನ್ನೂ ನಾವು ಮುಂದೆ ಹೇಳಲಿದ್ದೇವೆ. ಆದರೆ ಅದು ನಮ್ಮ ನೆಲದ ಉತ್ತರ. ನಮ್ಮಂತೆಯೇ ಜೋಳದ ರೊಟ್ಟಿ ತಿಂದು, ನಮ್ಮದೇ ಬಿಸಿಲಿನಲ್ಲಿ ಬೆಳೆದವಳ ಉತ್ತರ. ಆದುದರಿಂದ ಅದಕ್ಕೆ ಬೆಲೆಯುಂಟು.

ಮೊದಲು ವೃತ್ತಿ ಎಂಬ ಮಾತಿನ ಅರ್ಥವನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೇದು. ವಿನೋದಕ್ಕಾಗಿ ಆಡುವವರು ಬೇಸರವಾದ ದಿನ ಬ್ಯಾಟನ್ನು ಕೆಳಗಿಟ್ಟು ಮನೆಗೆ ಹೋಗಬಹುದು. ವೃತ್ತಿಯವರು ಹಾಗೆ ಹೋಗಲಾರರು. ಅವರಿಗೆ ಆಟವೇ ಹೊಲ, ಆಟವೇ ಅಂಗಡಿ. ಈ ಬಗೆಯ ಜೀವನದಲ್ಲಿಯೂ ಆಟದಿಂದ ಆಟಕ್ಕೆ ಭೇದವಿದೆ. ಟೆನ್ನಿಸ್ ಆಟವನ್ನೇ ತೆಗೆದುಕೊಳ್ಳಿರಿ. ಕೊಡಗಿನ ಮನೆತನದ ರೋಹನ್ ಬೋಪಣ್ಣನವರು 2017ನೆಯ ಇಸವಿಯ ಜೂನ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ಮಿಶ್ರ ಜೋಡಿಯ ಆಟವನ್ನು ಗೆದ್ದರು. 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಪಂದ್ಯಾವಳಿಯಲ್ಲಿ ಪುರುಷರ ಜೋಡಿ ಆಟವನ್ನು ಗೆದ್ದು, ಜೋಡಿ ಆಟದಲ್ಲಿ ಲೋಕಕ್ಕೇ ಮೊದಲನೆಯವರೆನಿಸಿಕೊಂಡರು. ಕನ್ನಡನಾಡಿನವರೆಲ್ಲರೂ ಇದರಿಂದ ಹೆಮ್ಮೆಪಟ್ಟುಕೊಂಡೆವು. ಆದರೆ ಟೆನ್ನಿಸ್ ಆಟದ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆಯುವದಿಲ್ಲ. ಆ ಆಟದಲ್ಲಿ ಎಳೆಯ ಆಟಗಾರ್ತಿಯು ಊರಿಂದೂರಿಗೆ, ದೇಶದಿಂದ ದೇಶಕ್ಕೆ ತಿರುಗಿ, ಸಣ್ಣ ಸಣ್ಣ ಪಂದ್ಯಾವಳಿಗಳಲ್ಲಿ ಗೆದ್ದು, ಅಂಕಗಳನ್ನು ಕೂಡಿಸಿಕೊಂಡೇ ಮೇಲಕ್ಕೆ ಏರಬೇಕು. ಪ್ರಯಾಣದ ವೆಚ್ಚ, ತರಬೇತಿಗಾರರ ಸಂಬಳ, ವಸತಿಯ ಬಾಡಿಗೆ ಎಲ್ಲವೂ ಮೊದಲ ವರ್ಷಗಳಲ್ಲಿ ತಂದೆತಾಯಿಗಳ ಕೈಯಿಂದಲೇ ಹೋಗಬೇಕು. ಮೊದಲ ಸುತ್ತಿನಲ್ಲಿ ಸೋತವಳಿಗೆ ದೊರೆಯುವ ಹಣವು ಅನೇಕ ವೇಳೆ ಬಂದುಹೋಗುವ ಖರ್ಚಿಗೂ ಸಾಲದು.

ನಾವು ಬಾಲ್ಯದಲ್ಲಿ ಮಿಷನ್ ಬೋರ್ಡಿಂಗಿನಲ್ಲಿದ್ದಾಗ ಟೆನ್ನಿಸ್ ಎಂದರೆ ರಿಂಗ್ ಟೆನ್ನಿಸ್ ಎಂದೇ ತಿಳಿದಿದ್ದೆವು. ಎರಡು ಕಂಬ, ನಡುವೆ ಒಂದು ಬಲೆ, ಕೈಯಲ್ಲಿ ಒಂದು ರಬ್ಬರಿನ ಬಳೆ. ಇಷ್ಟಿದ್ದರೆ ಸಂಜೆಯು ಸುಖವಾಗಿ ಕಳೆಯುತ್ತಿತ್ತು. ನಮ್ಮ ಶಾಲೆಯಲ್ಲಿ ಈಗಲೂ ಅದೇ ಬಲೆ, ಅದೇ ಬಳೆ. ನಿಜವಾದ ಟೆನ್ನಿಸ್ ಅಂಗಳವನ್ನು ನಮ್ಮ ಬಾಲಿಕೆಯರಲ್ಲಿ ಬಹುಮಂದಿ ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ಬಡ ಶಿಕ್ಷಕರ ಮಗಳೊಬ್ಬಳು ಆಟವನ್ನು ವೃತ್ತಿಯಾಗಿ ಹಿಡಿಯಬೇಕಾದರೆ, ಅವಳನ್ನು ಆರಿಸಿ, ಪ್ರಯಾಣದ ವೆಚ್ಚವನ್ನು ತಾನೇ ವಹಿಸಿಕೊಂಡು, ಆಡಿಸುವ ಒಂದು ಸಂಸ್ಥೆಯು ಇರಬೇಕು. ಕ್ರಿಕೆಟ್ ಆಟದಲ್ಲಿ ಹೆಣ್ಣುಮಕ್ಕಳಿಗೆ ಅಂತಹ ಆಸರೆಯು ದೊರೆತದ್ದು ಬಹಳ ಹಿಂದಿನ ಮಾತಲ್ಲ.

ಅದರ ಕಥೆಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ತಿಳಿಯತಕ್ಕದ್ದು. ಭಾರತದ ಮಹಿಳೆಯರು ಆಡಿದ ಮೊದಲ ಟೆಸ್ಟ್ ಪಂದ್ಯವು ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ. 1976ನೆಯ ಇಸವಿಯ ಅಕ್ಟೋಬರ್ 31ನೆಯ ತಾರೀಖಿಗೆ ಅದು ವೆಸ್ಟ್ ಇಂಡೀಸ್ ತಂಡದ ಎದುರಾಗಿ ಆರಂಭವಾಯಿತು. ಆ ತಂಡದ ನಾಯಕಿಯಾಗಿದ್ದವರು ಕರ್ನಾಟಕದ ಪರವಾಗಿ ಆಡುತ್ತಿದ್ದ ಶಾಂತಾ ರಂಗಸ್ವಾಮಿಯವರು. ಅದೇ ವರ್ಷ ಪಾಟ್ನಾದಲ್ಲಿ ಅವರ ತಂಡವು ಮೊದಲ ಜಯವನ್ನು ಪಡೆಯಿತು. ಆ ಕಾಲದ ಆಟಗಾರ್ತಿಯರು ಕಾದಿರಿಸದ ರೈಲು ಡಬ್ಬಿಗಳಲ್ಲಿ ಕುಳಿತು, ಸಾಮಾನ್ಯ ಛತ್ರಗಳಲ್ಲಿ ನೆಲದ ಮೇಲೆ ಮಲಗಿ, ತಮ್ಮ ಹಾಸಿಗೆಯನ್ನು ತಾವೇ ಹೊತ್ತುಕೊಂಡು ಆಡಿದರು. ಅವರಿಗೆ ಆಟದಿಂದ ಹಣ ಬರುತ್ತಿರಲಿಲ್ಲ. ಬದಲಾಗಿ ಕೈಯಿಂದ ಹಣ ಹೋಗುತ್ತಿತ್ತು. ಭಾರತೀಯ ರೈಲ್ವೆಯು ಅನೇಕರಿಗೆ ನೌಕರಿಯನ್ನು ಕೊಟ್ಟು ಬಹುಕಾಲ ಆಸರೆಯಾಯಿತು. 2006ನೆಯ ಇಸವಿಯಲ್ಲಿ ಮಹಿಳೆಯರ ಕ್ರಿಕೆಟ್ ಸಂಸ್ಥೆಯು ದೇಶದ ಕ್ರಿಕೆಟ್ ಮಂಡಳಿಯಲ್ಲಿ ಸೇರಿತು. 2015ರಲ್ಲಿ ಮೊದಲ ಬಾರಿಗೆ ಮಂಡಳಿಯು ಆಟಗಾರ್ತಿಯರೊಡನೆ ವಾರ್ಷಿಕ ಕರಾರು ಮಾಡಿಕೊಂಡಿತು. 2022ರ ಅಕ್ಟೋಬರದಲ್ಲಿ ಗಂಡಸರಿಗೂ ಹೆಂಗಸರಿಗೂ ಪಂದ್ಯಕ್ಕೆ ಒಂದೇ ಸಂಭಾವನೆ ಎಂದು ಗೊತ್ತುಮಾಡಲಾಯಿತು: ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿಗಳು. ಹಿಂದಿನವರು ಬಿತ್ತಿದ್ದನ್ನು ಮುಂದಿನವರು ಕೊಯ್ದರೆಂದು ಹೇಳಬೇಕು.

ರಾಜೇಶ್ವರಿಯವರು ಈ ಎರಡು ಕಾಲಗಳ ನಡುವಿನ ಹೊಸ್ತಿಲಲ್ಲಿ ಬೆಳೆದವರು. ಅವರು ಎಳೆತನದಿಂದಲೇ ಕ್ರಿಕೆಟ್ ಚೆಂಡನ್ನು ಹಿಡಿದವರಲ್ಲ. ಮೊದಲು ಭರ್ಜಿಯ ಎಸೆತದಲ್ಲಿ ಮನಸ್ಸಿಟ್ಟವರು. ಮಕ್ಕಳು ಆಡಬೇಕೆಂದು ಹುರಿದುಂಬಿಸಿದವರು ಅವರ ತಂದೆಯೇ. ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬರುವ ಸಂಬಳ ಎಷ್ಟು, ಅದರಲ್ಲಿ ಮಕ್ಕಳ ಹೊಟ್ಟೆಬಟ್ಟೆ ಕಳೆದು ಆಟದ ಬೂಟಿಗೆ ಉಳಿಯುವದೆಷ್ಟು ಎಂಬದನ್ನು ಶಿಕ್ಷಕರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗಿದ್ದರೂ ಆ ತಂದೆಯು ಹೆಣ್ಣುಮಕ್ಕಳನ್ನು ಬಯಲಿಗೆ ಕಳುಹಿಸಿದರು. ರಾಜೇಶ್ವರಿಯವರ ತಂಗಿಯೂ ಕ್ರಿಕೆಟ್ ಆಟಗಾರ್ತಿಯಾದಳು. ನೆರೆಹೊರೆಯವರು ಏನೆನ್ನುವರೋ ಎಂಬ ಭಯವನ್ನು ಆ ಮನೆಯವರು ಹೊಸ್ತಿಲಿನ ಹೊರಗೇ ನಿಲ್ಲಿಸಿದ್ದಿರಬೇಕು.

ರಾಜೇಶ್ವರಿಯವರು ಎಡಗೈಯಿಂದ ಚೆಂಡನ್ನು ನಿಧಾನವಾಗಿ ತಿರುಗಿಸಿ ಎಸೆಯುವವರು. ಇದರ ಗುಟ್ಟನ್ನು ಆಟ ತಿಳಿಯದ ತಾಯಂದಿರಿಗಾಗಿ ಹೇಳುತ್ತೇವೆ. ಎಡಗೈಯ ಬೆರಳುಗಳಿಂದ ತಿರುವಿದ ಚೆಂಡು ನೆಲವನ್ನು ಮುಟ್ಟಿದ ಮೇಲೆ ಬಲಗೈಯ ಆಟಗಾರ್ತಿಯ ಬ್ಯಾಟಿನಿಂದ ಹೊರಕ್ಕೆ ಸರಿದುಹೋಗುವದು. ಹೊಡೆಯಲು ಮುಂದೆ ಬಂದವಳು ಬರಿಗಾಳಿಯನ್ನು ಹೊಡೆಯುವಳು; ಇಲ್ಲವೆ ಬ್ಯಾಟಿನ ಅಂಚಿಗೆ ತಗಲಿಸಿ ಕ್ಯಾಚ್ ಕೊಡುವಳು. ಇನ್ನೊಂದು ಚೆಂಡು ತಿರುಗದೆ ನೇರವಾಗಿ ಹೋಗಿ ಗೂಟವನ್ನು ಕೆಡಹುವದು. ಯಾವುದು ತಿರುಗುವದು, ಯಾವುದು ತಿರುಗಲಾರದು ಎಂಬ ಸಂಶಯವನ್ನು ಎದುರಾಳಿಯ ಮನಸ್ಸಿನಲ್ಲಿ ಬಿತ್ತುವದೇ ಈ ವಿದ್ಯೆಯ ಸಾರ. ಇಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಯು ದೊಡ್ಡದು. ಒಂದೇ ಜಾಗದಲ್ಲಿ ಚೆಂಡು ಬೀಳಬೇಕಾದರೆ, ಸಾವಿರ ಸಲ ಅದೇ ಜಾಗದಲ್ಲಿ ಬೀಳಿಸಿ ಅಭ್ಯಾಸ ಮಾಡಿರಬೇಕು. ಮಗ್ಗಿಯನ್ನು ಬಾಯಿಪಾಠ ಮಾಡುವದಕ್ಕೂ ಇದಕ್ಕೂ ನಮಗೆ ಹೆಚ್ಚಿನ ಭೇದ ಕಾಣುವದಿಲ್ಲ.

2014ನೆಯ ಇಸವಿಯ ಜನವರಿಯಲ್ಲಿ ಶ್ರೀಲಂಕೆಯ ಎದುರಿಗೆ ವಿಶಾಖಪಟ್ಟಣದಲ್ಲಿ ಅವರು ಭಾರತದ ಪರವಾಗಿ ಮೊದಲ ಸಲ ಆಡಿದರು. ಅದೇ ವರ್ಷ ಅವರ ತಂದೆಯು ತೀರಿಕೊಂಡರು. ಬಯಲಿಗೆ ಕಳುಹಿಸಿದವರು, ಮಗಳು ದೇಶದ ಅಂಗಿಯನ್ನು ತೊಟ್ಟ ವರ್ಷದಲ್ಲಿಯೇ ಇಲ್ಲವಾದರು. ಮನೆಯ ಭಾರದ ಬಹುಭಾಗವು ಮಗಳ ಹೆಗಲಿಗೆ ಬಂದಿತು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಬಿನ್ನಹ. ಆಟದಿಂದ ಹೊಟ್ಟೆ ತುಂಬೀತೇ ಎಂಬದು ಆ ಮನೆಯಲ್ಲಿ ಕೇವಲ ಮಾತಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಅದು ದಿನಸಿಯ, ಬಾಡಿಗೆಯ ಪ್ರಶ್ನೆಯಾಯಿತು. ಅಂತಹ ಸಮಯದಲ್ಲಿ ಎಷ್ಟೋ ಹೆಣ್ಣುಮಕ್ಕಳು ಆಟವನ್ನು ಬಿಟ್ಟಿದ್ದಾರೆ. ಅವರನ್ನು ಯಾರೂ ತಪ್ಪೆನ್ನಲಾರರು. ರಾಜೇಶ್ವರಿಯವರು ಬಿಡಲಿಲ್ಲ. ಮನೆಯನ್ನು ನಡೆಸುವದಕ್ಕೂ ಆಟದಲ್ಲಿ ಮುಂದುವರಿಯುವದಕ್ಕೂ ಅವರು ಒಂದೇ ದಾರಿಯನ್ನು ಹಿಡಿದರು.

ಮುಂದಿನ ಸಂಗತಿಯು 2017ನೆಯ ಇಸವಿಯದು. ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಪಂದ್ಯಾವಳಿಗೆ ಅವರು ತಂಡದೊಡನೆ ಹೋದರು. ಒಂದಾದ ಮೇಲೊಂದರಂತೆ ಆರು ಪಂದ್ಯಗಳು ನಡೆದವು. ಒಂದರಲ್ಲಿಯೂ ಅವರಿಗೆ ಆಡುವ ಸಂದರ್ಭ ಬರಲಿಲ್ಲ. ಹೊರಗೆ ಕುಳಿತು ಗೆಳತಿಯರಿಗೆ ನೀರು ಒಯ್ದು ಕೊಡುವದು, ಕೈತಟ್ಟುವದು, ಮರುದಿನ ಮತ್ತೆ ಅಭ್ಯಾಸಕ್ಕೆ ನಿಲ್ಲುವದು. ಹೊರಗುಳಿದವರ ಪಾಲಿಗೆ ಬರುವ ಕೆಲಸ ಇಷ್ಟೇ. ಜುಲೈ 15ನೆಯ ತಾರೀಖಿಗೆ ಡರ್ಬಿ ಎಂಬ ಊರಿನಲ್ಲಿ ನ್ಯೂಜೀಲೆಂಡಿನ ಎದುರಿಗೆ ಏಳನೆಯ ಪಂದ್ಯ. ಸೋತವರು ಮನೆಗೆ ಹೋಗಬೇಕು. ಅಂದು ಅವರನ್ನು ಕರೆದರು. ಭಾರತವು 265 ಓಟಗಳನ್ನು ಮಾಡಿತ್ತು. ನಾಯಕಿ ಮಿತಾಲಿ ರಾಜ್ ಅವರು 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯವರು 70. ಆ ಮೇಲೆ ರಾಜೇಶ್ವರಿಯವರು ಎಂಟು ಓವರುಗಳೂ ತುಂಬದಷ್ಟು ಚೆಂಡುಗಳನ್ನು ಎಸೆದು, ಕೇವಲ 15 ಓಟಗಳನ್ನು ಕೊಟ್ಟು, ಐದು ಮಂದಿಯನ್ನು ಔಟು ಮಾಡಿದರು. ನ್ಯೂಜೀಲೆಂಡು 79ಕ್ಕೆ ಮುಗಿಯಿತು. ಭಾರತದ ಜಯವು 186 ಓಟಗಳದ್ದು. ಆರು ಪಂದ್ಯಗಳ ಕಾಲ ಹೊರಗೆ ಕುಳಿತವಳು ಏಳನೆಯ ದಿನ ಕರೆದಾಗ ಸಿದ್ಧಳಾಗಿದ್ದಳು ಎಂಬದೇ ಇದರಲ್ಲಿ ನಮಗೆ ದೊಡ್ಡದಾಗಿ ತೋರುವ ಮಾತು. ಮದಲಗಿತ್ತಿಯ ಗೆಳತಿಯರ ದೃಷ್ಟಾಂತದಲ್ಲಿ ದೀಪಕ್ಕೆ ಎಣ್ಣೆಯನ್ನು ತುಂಬಿಟ್ಟುಕೊಂಡು ಕಾದ ಬುದ್ಧಿವಂತೆಯರ ನೆನಪು ನಮಗಾಯಿತು.

ಜುಲೈ 23ಕ್ಕೆ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಎದುರಿಗೆ ಕಡೆಯ ಪಂದ್ಯ. ಗೆಲ್ಲಲು 229 ಬೇಕು. ಮೂರು ಮಂದಿ ಮಾತ್ರ ಔಟಾಗಿ 191 ಆಗಿದ್ದಾಗ ಗೆಲವು ಕೈಗೆ ಬಂದಂತೆಯೇ ಇತ್ತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೋದರು. ಕಡೆಯವರಾಗಿ ಬ್ಯಾಟು ಹಿಡಿದು ಬಂದವರು ನಮ್ಮ ರಾಜೇಶ್ವರಿಯವರೇ. ಚೆಂಡು ಗೂಟಕ್ಕೆ ಬಡಿಯಿತು. 219ಕ್ಕೆ ಆಟವು ಮುಗಿದು, ಭಾರತವು ಒಂಬತ್ತೇ ಓಟಗಳಿಂದ ಸೋತಿತು. ಡರ್ಬಿಯಲ್ಲಿ ಲೋಕವು ಹೊಗಳಿದ ಕೈಯಲ್ಲಿಯೇ ಎಂಟು ದಿನಗಳ ಮೇಲೆ ಸೋಲಿನ ಕಡೆಯ ಬ್ಯಾಟು ಇತ್ತು. ನಾವು ಈ ಸೋಲನ್ನು ನಮ್ಮ ವಿದ್ಯಾರ್ಥಿನಿಯರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಯಾಕೆಂದರೆ ಗೆಲವಿನ ಕಥೆಯನ್ನಷ್ಟೇ ಕೇಳಿ ಬೆಳೆದ ಹುಡುಗಿಯು ಮೊದಲ ಸೋಲಿಗೆ ಮನೆಯ ಮೂಲೆಯನ್ನು ಸೇರುವಳು. ಆ ಆಟವನ್ನು ದೇಶದ ಮನೆಮನೆಗಳಲ್ಲಿ ಜನರು ಕುಳಿತು ನೋಡಿದರು. ಸೋತು ಬಂದವರನ್ನು ಗೆದ್ದು ಬಂದವರಂತೆ ಎದುರುಗೊಂಡರು. ಎಂಟು ವರ್ಷಗಳ ತರುವಾಯ, 2025ರ ನವೆಂಬರ್ 2ಕ್ಕೆ, ನವಿ ಮುಂಬಯಿಯಲ್ಲಿ ಬೇರೆ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಆ ಕಪ್ಪನ್ನು ತಂದರು. ಆ ತಂಡದಲ್ಲಿ ರಾಜೇಶ್ವರಿಯವರು ಇರಲಿಲ್ಲ. ಆದರೆ ಆ ಗೆಲವಿನ ಅಡಿಪಾಯದಲ್ಲಿ ಲಾರ್ಡ್ಸಿನ ಸೋಲಿನ ಕಲ್ಲೂ ಒಂದು ಇದೆಯೆಂದು ನಾವು ನಂಬುತ್ತೇವೆ.

ಅವರು ಇಂಗ್ಲೆಂಡಿನಿಂದ ಹಿಂದಿರುಗಿದ ಮೇಲೆ ನಡೆದ ಒಂದು ಸಣ್ಣ ಸಂಗತಿಯು ನಮಗೆ ಐದು ವಿಕೆಟುಗಳಿಗಿಂತ ದೊಡ್ಡದಾಗಿ ಕಂಡಿತು. ನಮ್ಮ ಜಿಲ್ಲೆಯವರೇ ಆಗಿ ಅಂದು ರಾಜ್ಯದ ಸಚಿವರಾಗಿದ್ದ ಎಂ. ಬಿ. ಪಾಟೀಲರು ಅವರಿಗೆ ಒಂದು ಮೋಟಾರು ಕಾರನ್ನು ಬಹುಮಾನವಾಗಿ ಕೊಡುವದಾಗಿ ಸಾರಿದರು. ರಾಜೇಶ್ವರಿಯವರು ಅದನ್ನು ವಿನಯದಿಂದಲೇ ಬೇಡವೆಂದು, ತಮಗೆ ಬೇಕಾದದ್ದು ಕಾರಲ್ಲ, ತಮ್ಮ ಮನೆಯವರು ವಾಸಿಸಲು ಒಂದು ಸ್ವಂತ ಮನೆ ಎಂದು ಹೇಳಿದರು. ಕುಟುಂಬವು ಆಗ ಬಾಡಿಗೆಯ ಮನೆಯಲ್ಲಿತ್ತು. ಇಪ್ಪತ್ತಾರು ವಯಸ್ಸಿನ ಹುಡುಗಿ. ಊರೆಲ್ಲ ಕೊಂಡಾಡುತ್ತಿರುವ ಹೊತ್ತು. ಹೊಸ ಕಾರಿನ ಆಸೆಯು ಯಾರಿಗೆ ಬಾರದು? ಅಂತಹ ಹೊತ್ತಿನಲ್ಲಿ ಅವರ ಮನಸ್ಸು ತಾಯಿಯ ತಲೆಯ ಮೇಲಿನ ಸೂರಿನ ಕಡೆಗೆ ಹೋಯಿತು. ಆಟವಾಡುವ ಹುಡುಗಿಯು ಮನೆಯನ್ನು ಮರೆಯುವಳು, ಮರ್ಯಾದೆಯನ್ನು ಮೀರುವಳು ಎಂದು ಹೇಳುವವರ ಮುಂದೆ ನಾವು ಈ ಸಂಗತಿಯೊಂದನ್ನೇ ಇಡುತ್ತೇವೆ.

ಅದರ ತರುವಾಯ 2022ರ ಮಾರ್ಚಿಯಲ್ಲಿ ನ್ಯೂಜೀಲೆಂಡಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಎದುರಿಗೆ 31 ಓಟಗಳಿಗೆ ನಾಲ್ಕು ಮಂದಿಯನ್ನು ಔಟು ಮಾಡಿದರು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನು ಗೆದ್ದ ತಂಡದಲ್ಲಿಯೂ ಇದ್ದರು. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಆರಂಭವಾದಾಗ ಯು.ಪಿ. ವಾರಿಯರ್ಸ್ ತಂಡದವರು ಅವರನ್ನು 40 ಲಕ್ಷ ರೂಪಾಯಿಗಳಿಗೆ ತೆಗೆದುಕೊಂಡರು. ಈ ಅಂಕಿಯನ್ನು ನಾವು ಬೆರಗುಗೊಳಿಸಲು ಬರೆದದ್ದಲ್ಲ. ಆಟದಿಂದ ಹೊಟ್ಟೆ ತುಂಬೀತೇ ಎಂದು ಕೇಳಿದ ತಂದೆಗೆ ಲೆಕ್ಕದ ಪುಸ್ತಕದಲ್ಲಿಯೇ ಉತ್ತರ ಕೊಡಬೇಕಾದದ್ದರಿಂದ ಬರೆದೆವು.

ಆದರೆ ಉತ್ತರವು ಪೂರ್ಣವಲ್ಲವೆಂದು ಮೊದಲೇ ಹೇಳಿದೆವಷ್ಟೆ. ಒಬ್ಬ ರಾಜೇಶ್ವರಿಯವರು ಲಾರ್ಡ್ಸಿಗೆ ಹೋದರೆ, ಅವರೊಡನೆ ಚೆಂಡು ಹಿಡಿದ ಎಷ್ಟೋ ಮಂದಿ ಜಿಲ್ಲೆಯ ಗಡಿಯನ್ನು ದಾಟಲಿಲ್ಲ. ದೇಶದ ತಂಡದಲ್ಲಿ ಆಡುವವರು ಹನ್ನೊಂದೇ ಮಂದಿ. ಪ್ರತಿಯೊಬ್ಬ ಹುಡುಗಿಗೂ ನೀನು ಹಾಗಾಗುವಿ ಎಂದು ಹೇಳುವ ಶಿಕ್ಷಕಿಯು ಸುಳ್ಳು ಹೇಳಿದಂತಾಗುವದು. ಸುಳ್ಳಿನ ಮೇಲೆ ಯಾವ ಮಗುವಿನ ಬಾಳನ್ನೂ ಕಟ್ಟಬಾರದು. ನಾವು ಹೇಳುವದು ಬೇರೆ. ಆಕೆಗೆ ಆ ದಾರಿಯಲ್ಲಿ ಎಷ್ಟು ದೂರ ನಡೆಯುವ ಶಕ್ತಿ ಇದೆಯೆಂಬದು ತಿಳಿಯುವ ಮೊದಲೇ ಬಾಗಿಲನ್ನು ಮುಚ್ಚಬೇಡಿರಿ ಎಂಬದೊಂದೇ.

ಯಾಕೆಂದರೆ ನಮ್ಮ ಸೀಮೆಯಲ್ಲಿ ಬಾಗಿಲು ಮುಚ್ಚುವದು ಒಂದು ನಿರ್ದಿಷ್ಟವಾದ ವಯಸ್ಸಿನಲ್ಲಿ. ಏಳನೆಯ ಇಯತ್ತೆಯವರೆಗೆ ಬಯಲಿನ ತುಂಬ ಹುಡುಗಿಯರು. ಎಂಟನೆಯದರಲ್ಲಿ ಅರ್ಧ. ಒಂಬತ್ತನೆಯದರಲ್ಲಿ ಬೆರಳೆಣಿಕೆಯವರು. ಪಾಲಕರಿಂದ ಚೀಟಿಗಳು ಬರಲಾರಂಭಿಸುವವು: ಮಗಳಿಗೆ ಡ್ರಿಲ್ಲಿನಿಂದ ರಜೆ ಕೊಡಬೇಕು, ಬಿಸಿಲಿಗೆ ಬಣ್ಣ ಕೆಡುತ್ತದೆ, ಸಂಜೆಯ ಬಸ್ಸು ತಪ್ಪುತ್ತದೆ, ಆಟದ ಉಡುಪು ಅಜ್ಜಿಗೆ ಸೇರುವದಿಲ್ಲ, ವರ ನೋಡುವವರು ಏನೆಂದಾರು. ಈ ಚೀಟಿಗಳನ್ನು ನಾವು ಹರಿದುಹಾಕದೆ ಒಂದು ಕಡತದಲ್ಲಿ ಇಟ್ಟಿದ್ದೇವೆ. ಓದಿದಾಗ ನಮಗೆ ಸಿಟ್ಟು ಬರುವದಿಲ್ಲ. ಒಂದೊಂದು ಚೀಟಿಯ ಹಿಂದೆ ಒಂದೊಂದು ಮನೆಯ ಅಂಜಿಕೆಯು ಕಾಣುವದು. ಸಂಜೆಯ ಬಸ್ಸಿನ ಮಾತು ನಿಜವಾದದ್ದು. ಅದಕ್ಕಾಗಿ ನಾವು ಆಟದ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ತಿರುಗಿಸಿದ್ದೇವೆ. ಉಡುಪಿನ ಮಾತಿಗೂ ದಾರಿಯುಂಟು. ಪೂರ್ಣ ಕಾಲಂಗಿ ಹಾಕಿಕೊಂಡು ಆಡಬಹುದು, ಕ್ರಿಕೆಟಿನಲ್ಲಿ ದೇಶದ ತಂಡದವರು ಹಾಕುವದೂ ಅದನ್ನೇ. ಬಿಸಿಲಿನ ಮಾತಿಗೆ ಮಾತ್ರ ನಮ್ಮಲ್ಲಿ ಔಷಧವಿಲ್ಲ. ತೊಗರಿಯ ಹೊಲದಲ್ಲಿ ಕಸ ತೆಗೆಯುವಾಗ ಕೆಡದ ಬಣ್ಣವು ಆಟದ ಬಯಲಿನಲ್ಲಿ ಹೇಗೆ ಕೆಡುವದೆಂಬದು ನಮಗೆ ತಿಳಿಯದಾಗಿದೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವದಿಲ್ಲ. ಅವಳು ಎಡಚಿ. ಮನೆಯಲ್ಲಿ ಎಡಗೈಯಿಂದ ತುತ್ತು ಎತ್ತಿದರೆ ಪೆಟ್ಟು, ಎಡಗೈಯಿಂದ ಕಾಣಿಕೆ ಹಾಕಿದರೆ ಗದರಿಕೆ. ಆ ಕೈಯ ದೆಸೆಯಿಂದ ಅವಳು ನಾಚಿ ನಾಚಿ ಮುದುಡಿಹೋಗಿದ್ದಳು. ನಮ್ಮ ದೈಹಿಕ ಶಿಕ್ಷಕಿಯವರು ಅವಳ ಎಡಗೈಗೆ ಚೆಂಡನ್ನು ಕೊಟ್ಟರು. ಎರಡು ತಿಂಗಳಲ್ಲಿ ಆ ಚೆಂಡು ತಿರುಗಲು ಕಲಿಯಿತು. ಹುಡುಗಿಯು ತಲೆಯೆತ್ತಿ ನಡೆಯಲು ಕಲಿತಳು. ಅಷ್ಟರಲ್ಲಿ ಅವಳ ತಂದೆಯು ತೊಗರಿ ಮಾರಲು ಬಾಗೇವಾಡಿಗೆ ಬಂದವರು ಶಾಲೆಗೂ ಬಂದು, ಮಗಳ ಆಟ ಸಾಕು, ಓದಾದರೂ ಈ ವರ್ಷಕ್ಕೆ ಸಾಕು ಎಂದರು.

ನಾವು ಅವರೊಡನೆ ವಾದಿಸಲಿಲ್ಲ. ಅವರನ್ನು ಕೂಡ್ರಿಸಿ, ವಿಜಯಪುರದ ಶಿಕ್ಷಕರ ಮಗಳ ಸಂಗತಿಯನ್ನು ಇಲ್ಲಿ ಬರೆದಷ್ಟೇ ಹೇಳಿದೆವು. ಕಾರನ್ನು ಬಿಟ್ಟು ಮನೆಯನ್ನು ಕೇಳಿದ್ದನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ತಂದೆ ತೀರಿದ ಮೇಲೂ ಆಡಿದಳೇ ಎಂದು ಒಂದೇ ಮಾತು ಕೇಳಿದರು. ಹೌದೆಂದೆವು. ಹತ್ತನೆಯ ಪರೀಕ್ಷೆಯ ತನಕ ಓದೂ ಆಟವೂ ಇರಲಿ ಎಂದು ಒಪ್ಪಿ ಹೋದರು. ಹುಡುಗಿಯು ಜಿಲ್ಲೆಯ ಆಯ್ಕೆಗೆ ಹೋದಳು, ಆರಿಸಲ್ಪಡಲಿಲ್ಲ. ಅಂದು ತಂದೆಯೇ ಅವಳೊಡನೆ ಹೋಗಿದ್ದರು. ಇನ್ನು ಇವಳು ಬಯಲಿಗೆ ಬರಲಾರಳೆಂದು ನಾವು ಎಣಿಸಿದ್ದಾಗ, ಮರುದಿನ ಬೆಳಗಿಗೆ ಅವರೇ ಅವಳನ್ನು ಸೈಕಲ್ಲಿನ ಮೇಲೆ ಕರೆತಂದು ಬಿಟ್ಟು, "ಮುಂದಿನ ವರ್ಷ ನೋಡೂಣ್ರೀ ಬಾಯರ, ಕೈ ಕಟ್ಟಿ ಕುಂತ್ರ ಹ್ಯಾಂಗ" ಎಂದರು. ಆ ಹುಡುಗಿಯು ದೇಶಕ್ಕಾಗಿ ಆಡಲಿಲ್ಲ. ಆದರೆ ಹತ್ತನೆಯ ಪರೀಕ್ಷೆಯನ್ನು ದಾಟಿ, ಕಾಲೇಜನ್ನು ಸೇರಿ, ದೈಹಿಕ ಶಿಕ್ಷಣದ ತರಬೇತಿಯನ್ನು ಪಡೆಯುತ್ತಿದ್ದಾಳೆ. ಬಿಡಿಸಬೇಕೆಂದಿದ್ದ ಶಾಲೆಯಲ್ಲಿ ಅವಳನ್ನು ಉಳಿಸಿದ್ದು ಆ ಚೆಂಡೇ ಎಂದರೆ ಅತಿಶಯವಲ್ಲ.

ನಮ್ಮ ಊರು ಸಾಮಾನ್ಯವಾದ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ನೆಲವಿದು. ದುಡಿಮೆಯಲ್ಲಿ ಮೇಲು ಕೀಳು ಇಲ್ಲ, ಸತ್ಯಶುದ್ಧವಾಗಿ ಮಾಡಿದ ಯಾವ ಕೆಲಸವೂ ಪೂಜೆಯೇ ಎಂಬ ಕಾಯಕದ ತತ್ವವು ಅವರಿಂದಲೂ ಅವರ ಸಂಗಡಿಗರಿಂದಲೂ ಲೋಕಕ್ಕೆ ಬಂದಿತು. ಅಂಬಿಗನ, ಮಡಿವಾಳನ, ನೂಲುವವಳ ದುಡಿಮೆಗೆ ಅಂದು ದೊರೆತ ಮರ್ಯಾದೆಯನ್ನು ಚೆಂಡೆಸೆಯುವವಳ ದುಡಿಮೆಗೆ ಇಂದು ಕೊಡಲು ಅದೇ ಊರಿನವರಾದ ನಾವು ಹಿಂಜರಿಯಬಹುದೇ? ನಮ್ಮ ಸತ್ಯವೇದದಲ್ಲಿಯೂ ತಲಾಂತುಗಳ ದೃಷ್ಟಾಂತವಿದೆ. ಯಜಮಾನನು ಕೊಟ್ಟ ತಲಾಂತನ್ನು ಅಂಜಿ ನೆಲದಲ್ಲಿ ಹೂತಿಟ್ಟ ಆಳಿಗೆ ಮೆಚ್ಚಿಗೆ ದೊರೆಯಲಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರರನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಅವರ ಸಂಯಮವನ್ನು ಮೆಚ್ಚಿ ನುಡಿದಿದ್ದಾನೆ. ಎರಡು ಕಡೆಯ ಹಿರಿಯರೂ ಒಂದೇ ಮಾತನ್ನು ಹೇಳುತ್ತಿರುವಾಗ ನಾವು ಕಿವಿಗೊಡದಿದ್ದರೆ ಹೇಗೆ?

ಇನ್ನೂ ಒಂದು ಮಾತು. ಸೈಕಲ್ ಪಂದ್ಯಗಳಿಗೆ ನಮ್ಮ ಜಿಲ್ಲೆಯು ನಾಡಿನಲ್ಲಿಯೇ ಹೆಸರುವಾಸಿಯಾಗಿದೆ. ಹಳ್ಳಿಯ ಮಕ್ಕಳು ಸೈಕಲ್ ತುಳಿದು ಪದಕಗಳನ್ನು ತಂದಿದ್ದಾರೆ. ಆಟವು ಪಟ್ಟಣದ ಸಿರಿವಂತರ ಸೊತ್ತೆಂದು ತಿಳಿಯುವದಕ್ಕೆ ನಮ್ಮ ಜಿಲ್ಲೆಯವರಿಗೆ ಕಾರಣವೇ ಇಲ್ಲ. ನಮ್ಮಲ್ಲಿ ಕೊರತೆಯಾಗಿರುವದು ಶಕ್ತಿಯಲ್ಲ. ಒಂದು ಜೊತೆ ಬೂಟು, ಆಯ್ಕೆಯ ದಿನ ವಿಜಯಪುರಕ್ಕೋ ಬೆಂಗಳೂರಿಗೋ ಹೋಗಿಬರುವ ಬಸ್ಸಿನ ಖರ್ಚು, ಜೊತೆಗೆ ಹೋಗಲು ನಂಬಿಕೆಯ ಒಬ್ಬ ಹಿರಿಯ ಹೆಂಗಸು. ಇಷ್ಟರ ಕೊರತೆಯಿಂದ ಎಷ್ಟೋ ಎಡಗೈಗಳು ರೊಟ್ಟಿ ಬಡಿಯುವದರಲ್ಲಿಯೇ ಮುಗಿದುಹೋಗಿವೆ. ರೊಟ್ಟಿ ಬಡಿಯುವದು ಹೀನವಾದ ಕೆಲಸವಲ್ಲ. ಅದೊಂದೇ ಕೆಲಸವೆಂದು ಆ ಕೈಗೆ ಮೊದಲೇ ವಿಧಿಸುವದು ಸರಿಯಲ್ಲ.

ಆದುದರಿಂದ ಪಾಲಕರಲ್ಲಿ ನಮ್ಮ ಕೋರಿಕೆ ಸಣ್ಣದು. ಮಗಳನ್ನು ಆಟಗಾರ್ತಿಯನ್ನಾಗಿ ಮಾಡಿರೆಂದು ಕೇಳುವದಿಲ್ಲ. ಹತ್ತನೆಯ ಇಯತ್ತೆ ಮುಗಿಯುವ ತನಕ ಅವಳನ್ನು ಬಯಲಿನಿಂದ ಬಿಡಿಸಬೇಡಿರಿ. ಚೀಟಿ ಬರೆಯುವ ಮೊದಲು ಒಮ್ಮೆ ಬೆಳಿಗ್ಗೆ ಬಂದು ಅವಳು ಆಡುವದನ್ನು ಕಣ್ಣಾರೆ ನೋಡಿರಿ. ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮ ಕೋರಿಕೆ ಇನ್ನೂ ಸಣ್ಣದು. ನಿಮ್ಮಲ್ಲಿ ಕೆಲವರು ವಿಜಯಪುರ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿದ್ದೀರಿ. ಆಯ್ಕೆಗೆಂದು ಬರುವ ನಮ್ಮ ಹುಡುಗಿಗೆ ಒಂದು ರಾತ್ರಿ ನಿಮ್ಮ ಮನೆಯಲ್ಲಿ ಹಾಸಿಗೆಯನ್ನೂ ಬೆಳಿಗ್ಗೆ ಬಿಸಿ ರೊಟ್ಟಿಯನ್ನೂ ಕೊಟ್ಟು, ಮೈದಾನದ ಬಾಗಿಲ ತನಕ ಬಿಟ್ಟುಬನ್ನಿರಿ. ಶಾಂತಾ ರಂಗಸ್ವಾಮಿಯವರ ಕಾಲದ ಹೆಣ್ಣುಮಕ್ಕಳಿಗೆ ದೊರೆಯದ ಆ ಹಾಸಿಗೆಯನ್ನು ನಮ್ಮ ಹುಡುಗಿಯರಿಗೆ ನೀವು ಹಾಸಬಲ್ಲಿರಿ. ಹಾಗೆ ಒಪ್ಪುವವರು ತಮ್ಮ ಹೆಸರು ವಿಳಾಸಗಳನ್ನು ಶಾಲೆಯ ಕಚೇರಿಗೆ ಬರೆದು ಕಳುಹಿಸಬೇಕೆಂದು ಬೇಡುತ್ತೇವೆ. ಅದಕ್ಕಾಗಿ ಒಂದು ಹೊಸ ವಹಿಯನ್ನು ತೆರೆದಿಟ್ಟಿದ್ದೇವೆ. ಅದರ ಮೊದಲ ಪುಟವು ಇನ್ನೂ ಖಾಲಿ ಇದೆ.